ದೀಪದಿಂದ ದೀಪ: ಜಾಮಖೇಡದ ಗ್ರಾಮೀಣ ಆಸ್ಪತ್ರೆ ನಡೆದು ಬಂದ ದಾರಿ

(ವಾರ್ಷಿಕೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಲೇಖನರೂಪ)



ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣ ಎಂಬುದು ಹಿರಿಯರು ಮತ್ತೆ ಮತ್ತೆ ನೆನಪಿಸುತ್ತ ಬಂದ ಮಾತು. ಜ್ವರದಿಂದ ಬಳಲುವವನಿಗೆ ಜಪವೂ ಇಲ್ಲ, ಪಾರಾಯಣವೂ ಇಲ್ಲ; ಮಡಿಲಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ಯಾವ ಉತ್ಸವದ ಸಂಭ್ರಮವೂ ತಟ್ಟುವುದಿಲ್ಲ. ಆದುದರಿಂದಲೇ ಅನ್ನದಾನ, ವಿದ್ಯಾದಾನಗಳ ಸಾಲಿನಲ್ಲಿ ಆರೋಗ್ಯದಾನಕ್ಕೂ ಗೌರವದ ಸ್ಥಾನ ದೊರೆತಿದೆ. ಆರೋಗ್ಯದಾನವೆಂದರೆ ಸಾಮಾನ್ಯವಾಗಿ ಕಣ್ಣ ಮುಂದೆ ಬರುವುದು ಒಂದು ಕಟ್ಟಡ, ಕೆಲವು ಹಾಸಿಗೆಗಳು, ಉಚಿತ ಔಷಧ, ನೇತ್ರ ಚಿಕಿತ್ಸಾ ಶಿಬಿರ. ಇವೆಲ್ಲವೂ ಪುಣ್ಯಕಾರ್ಯಗಳೇ. ಆದರೆ ಔಷಧವನ್ನು ಕೊಡುವುದು ಒಂದು ಬಗೆಯ ದಾನವಾದರೆ, ಔಷಧದ ಅಗತ್ಯವೇ ಬಾರದಂತೆ ಬದುಕುವ ತಿಳುವಳಿಕೆಯನ್ನು ಕೊಡುವುದು ಇನ್ನೊಂದು ಬಗೆಯ ದಾನ. ಈ ಎರಡನೆಯದನ್ನೇ ತನ್ನ ಮುಖ್ಯ ವ್ರತವಾಗಿ ಸ್ವೀಕರಿಸಿದ ಒಂದು ಗ್ರಾಮೀಣ ಆಸ್ಪತ್ರೆ ಪುಣೆಯಿಂದ ಕೆಲವೇ ಗಂಟೆಗಳ ಪ್ರಯಾಣದ ದೂರದಲ್ಲಿ, ಜಾಮಖೇಡದಲ್ಲಿದೆ. ಅದರ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯೇ ಈ ಉಪನ್ಯಾಸದ ವಿಷಯ.

ಬರದ ನಾಡು

ಜಾಮಖೇಡ ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಈ ಜಿಲ್ಲೆಗೆ 2024ರಲ್ಲಿ ಅಹಿಲ್ಯಾನಗರವೆಂದು ಹೆಸರಾಯಿತು. ಆ ಹೆಸರಿಗೆ ಕಾರಣಳಾದ ಪುಣ್ಯಶ್ಲೋಕ ಅಹಲ್ಯಾಬಾಯಿ ಹೋಳ್ಕರ್ ಹುಟ್ಟಿದ ಚೌಂಡಿ ಗ್ರಾಮ ಇದೇ ಜಾಮಖೇಡ ತಾಲ್ಲೂಕಿನಲ್ಲಿದೆ. ಕಾಶಿಯ ವಿಶ್ವನಾಥ ಮಂದಿರವನ್ನು ಮರಳಿ ಕಟ್ಟಿಸಿದ, ದೇಶದ ಉದ್ದಗಲಕ್ಕೂ ಬಾವಿ, ಘಟ್ಟ, ಧರ್ಮಶಾಲೆಗಳನ್ನು ನಿರ್ಮಿಸಿದ ಆ ಮಹಾತಾಯಿಯ ಜನ್ಮಭೂಮಿಯೇ ನೀರಿಗಾಗಿ ಹಂಬಲಿಸುವ ನೆಲವೆಂಬುದು ವಿಧಿಯ ವಿಚಿತ್ರ. ಸಹ್ಯಾದ್ರಿಯ ಮಳೆಯ ಮರೆಯಲ್ಲಿರುವ ಈ ಪ್ರದೇಶಕ್ಕೆ ಮೋಡಗಳು ಬರುವ ವೇಳೆಗೆ ಬಹುತೇಕ ಬರಿದಾಗಿರುತ್ತವೆ. ಜೋಳವೇ ಮುಖ್ಯ ಬೆಳೆ. ಸುಗ್ಗಿ ಕೈಕೊಟ್ಟ ವರ್ಷ ಸಂಸಾರ ಸಮೇತ ಕಬ್ಬು ಕಡಿಯಲು ದೂರದ ಊರುಗಳಿಗೆ ಗುಳೆ ಹೋಗುವುದು ಅಲ್ಲಿನ ಬಡವರಿಗೆ ರೂಢಿಯಾದ ಬದುಕು.

1970ರ ಸುಮಾರಿಗೆ ಈ ಹಳ್ಳಿಗಳಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 176 ಶಿಶುಗಳು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಎಂದರೆ ಆರು ತೊಟ್ಟಿಲುಗಳಲ್ಲಿ ಒಂದು ವರ್ಷ ತುಂಬುವುದರೊಳಗೆ ಬರಿದಾಗುತ್ತಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 40ರಷ್ಟು ಮಂದಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಲಸಿಕೆ ಪಡೆದ ಮಕ್ಕಳ ಪ್ರಮಾಣ ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ.

ದಂಪತಿಗಳ ಸಂಕಲ್ಪ

ಈ ನೆಲಕ್ಕೆ ಬಂದವರು ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು. ರಜನಿಕಾಂತರು 1934ರಲ್ಲಿ ಅಹಮದ್‌ನಗರ ಜಿಲ್ಲೆಯಲ್ಲಿಯೇ, ಶಿಕ್ಷಕ ದಂಪತಿಗಳ ಮಗನಾಗಿ ಜನಿಸಿದವರು. ಮೇಬಲ್ ಅವರು 1935ರಲ್ಲಿ ಜಬಲ್‌ಪುರದಲ್ಲಿ, ಪ್ರಾಧ್ಯಾಪಕರೊಬ್ಬರ ಮಗಳಾಗಿ ಹುಟ್ಟಿದವರು. ಇಬ್ಬರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದರು. 1960ರಲ್ಲಿ ವಿವಾಹವಾದಾಗ ಇಬ್ಬರೂ ಕೂಡಿ ಮಾಡಿದ ಸಂಕಲ್ಪ ಒಂದೇ: ತಮ್ಮ ವಿದ್ಯೆ ಹಳ್ಳಿಯ ಬಡವರಿಗೆ ಸಲ್ಲಬೇಕು. ಮತ, ಪಂಥಗಳು ಬೇರೆಯಾದರೂ ಇಂತಹ ಸಂಕಲ್ಪದ ಮುಂದೆ ಯಾವ ಶ್ರದ್ಧಾವಂತನೂ ತಲೆಬಾಗುವನು.

ಮೊದಲಿಗೆ, 1962ರಿಂದ 1966ರವರೆಗೆ, ಅದೇ ಜಿಲ್ಲೆಯ ವಡಾಳಾ ಎಂಬಲ್ಲಿಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಅವರು ಸೇವೆ ಸಲ್ಲಿಸಿದರು. ಹಗಲಿರುಳು ದುಡಿದರು, ರೋಗಿಗಳು ಗುಂಪುಗುಂಪಾಗಿ ಬಂದರು, ಆಸ್ಪತ್ರೆಗೆ ಹೆಸರೂ ಬಂದಿತು. ಆದರೆ ಕೆಲವು ವರ್ಷಗಳಲ್ಲಿಯೇ ಒಂದು ಸತ್ಯ ಅವರನ್ನು ಕಾಡತೊಡಗಿತು. ಗುಣಮುಖವಾಗಿ ಮನೆಗೆ ಹೋದ ಮಗು ಅದೇ ಅತಿಸಾರದಿಂದ, ಅದೇ ನ್ಯೂಮೋನಿಯಾದಿಂದ ಮರಳಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ಶುದ್ಧ ನೀರು ಕುಡಿದ ಮಗು ಹಳ್ಳಿಯಲ್ಲಿ ಮತ್ತೆ ಅದೇ ಕೆಸರು ನೀರನ್ನು ಕುಡಿಯುತ್ತಿತ್ತು. ಬಂದ ಕಾಯಿಲೆಗಳಲ್ಲಿ ಬಹುಪಾಲು ತಡೆಯಬಹುದಾದಂತಹವೇ ಆಗಿದ್ದವು. ನಿಜವಾಗಿ ದಿಕ್ಕಿಲ್ಲದವರು ಆಸ್ಪತ್ರೆಯ ಬಾಗಿಲಿನವರೆಗೆ ಬರುತ್ತಲೇ ಇರಲಿಲ್ಲ. ನಾಲ್ಕು ಗೋಡೆಗಳ ನಡುವಿನ ವೈದ್ಯ ಎಷ್ಟೇ ನಿಪುಣನಾಗಿದ್ದರೂ ಹಳ್ಳಿಯ ಆರೋಗ್ಯ ಒಂದಿಷ್ಟೂ ಬದಲಾಗದು ಎಂಬ ಅರಿವು ಅವರಿಗೆ ಮೂಡಿತು.

ಈ ಅರಿವಿನೊಂದಿಗೆ ಅವರು ಉನ್ನತ ವ್ಯಾಸಂಗಕ್ಕಾಗಿ ಅಮೆರಿಕೆಗೆ ತೆರಳಿದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದ ಸ್ನಾತಕೋತ್ತರ ಪದವಿಯನ್ನು ಪಡೆದರು. ಅಲ್ಲಿಯೇ ನೆಲೆ ನಿಲ್ಲುವ ಅವಕಾಶವಿದ್ದರೂ 1970ರಲ್ಲಿ ಸ್ವದೇಶಕ್ಕೆ ಮರಳಿದರು. ಬಂದು ನೆಲೆಸಿದ್ದು ಜಾಮಖೇಡದಲ್ಲಿ. ಮೊದಲ ಚಿಕಿತ್ಸಾಲಯಕ್ಕೆ ದೊರೆತ ಜಾಗ ಪಾಳುಬಿದ್ದ ಒಂದು ಹಳೆಯ ಪಶುವೈದ್ಯಶಾಲೆ. 'ಸಮಗ್ರ ಗ್ರಾಮೀಣ ಆರೋಗ್ಯ ಯೋಜನೆ' ಪ್ರಾರಂಭವಾದದ್ದು ಆ ಕಟ್ಟಡದಲ್ಲಿ.

ನೀರಿನ ಪಾಠ

ರೋಗ ಬಾರದಂತೆ ತಡೆಯುವುದೇ ವೈದ್ಯ ದಂಪತಿಗಳ ಗುರಿಯಾಗಿದ್ದರೂ ಜನರು ಕೇಳಿದ್ದು ಬಂದ ರೋಗಕ್ಕೆ ಮದ್ದನ್ನು. ಅದಕ್ಕೆ ಅವರು ಬೇಸರಿಸಲಿಲ್ಲ. ಮೊದಲು ಚಿಕಿತ್ಸೆ ನೀಡಿ ವಿಶ್ವಾಸ ಸಂಪಾದಿಸಿದರು. ಆ ಮೇಲೆ ಹಳ್ಳಿಗಳತ್ತ ನಡೆದರು. ಅಷ್ಟರಲ್ಲಿಯೇ ಮಹಾರಾಷ್ಟ್ರವನ್ನು ನಡುಗಿಸಿದ 1972ರ ಭೀಕರ ಬರಗಾಲ ಬಂದೆರಗಿತು. ಬಾವಿಗಳು ಬತ್ತಿದವು, ದನಕರುಗಳು ಸತ್ತವು. ಆಗ ಲಸಿಕೆಯ ಮಾತು ಯಾರ ಕಿವಿಗೂ ಬೀಳುವಂತಿರಲಿಲ್ಲ. ಜನರಿಗೆ ಬೇಕಾದದ್ದು ಅನ್ನ ಮತ್ತು ನೀರು. ವೈದ್ಯರು ಅದನ್ನೇ ಆರೋಗ್ಯದ ಮೊದಲ ಚಿಕಿತ್ಸೆಯೆಂದು ಬಗೆದರು. ಎಳೆಯ ಮಕ್ಕಳಿಗಾಗಿ ಸಾಮೂಹಿಕ ಅಡುಗೆಯ ವ್ಯವಸ್ಥೆಯಾಯಿತು. ಕೊಳವೆಬಾವಿಗಳನ್ನು ಕೊರೆಸುವ ಕಾರ್ಯ ಆರಂಭವಾಯಿತು.

ಇಲ್ಲಿ ಒಂದು ಸೂಕ್ಷ್ಮವಾದ ಪ್ರಸಂಗವಿದೆ. ಆ ಹಳ್ಳಿಗಳಲ್ಲಿ ದಲಿತರಿಗೆ ಊರಬಾವಿಯಿಂದ ನೀರು ಸೇದುವ ಅಧಿಕಾರವಿರಲಿಲ್ಲ. ಊರಿನ ನಡುವೆ ಕೊಳವೆಬಾವಿ ಕೊರೆಸಿದರೆ ಅದೇ ಕಥೆ ಮರುಕಳಿಸುವುದು ಖಚಿತವಾಗಿತ್ತು. ನೀರಿನ ಸೆಲೆಯನ್ನು ಗುರುತಿಸಲು ಬಂದ ತಜ್ಞರಿಗೆ ಡಾಕ್ಟರು ಮೊದಲೇ ಸೂಚನೆ ಕೊಟ್ಟಿದ್ದರು. ಅದರಂತೆ ಬಾವಿಯ ಸ್ಥಳ ದಲಿತರ ಕೇರಿಯಲ್ಲಿಯೇ ಗೊತ್ತಾಯಿತು. ನೀರು ಉಕ್ಕಿತು. ಬರಗಾಲದಲ್ಲಿ ಬಾಯಾರಿದ ಊರಿಗೆ ಬೇರೆ ದಾರಿಯಿರಲಿಲ್ಲ. ಮೇಲುಕೇರಿಯ ಹೆಂಗಸರು ಕೊಡ ಹಿಡಿದು ಕೆಳಗಿನ ಕೇರಿಗೆ ನಡೆದರು. ಒಂದೇ ಪಂಪಿನ ಮುಂದೆ ಒಂದೇ ಸಾಲಿನಲ್ಲಿ ನಿಂತರು. ನೂರು ಭಾಷಣಗಳಿಂದ ಆಗದ ಕೆಲಸವನ್ನು ಒಂದು ಕೈಪಂಪು ಮಾಡಿತು.

ಆಚಾರವಂತರ ಮನೆಗಳಲ್ಲಿ ನೀರಿನ ಶುದ್ಧಿಗೆ ಇರುವ ಮಹತ್ವವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಆದರೆ ನೀರು ಶುದ್ಧವಾಗಿರಬೇಕೆಂಬುದು ಒಂದು ಮಾತು. ಆ ನೀರು ಯಾರೊಬ್ಬರ ಪಾಲಿಗೂ ಇಲ್ಲದಂತಾಗಬಾರದೆಂಬುದು ಇನ್ನೊಂದು ಮಾತು. ಮೊದಲನೆಯದನ್ನು ಕಾಪಾಡುವ ಹೆಸರಿನಲ್ಲಿ ಎರಡನೆಯದನ್ನು ಮರೆತ ಊರುಗಳಲ್ಲಿ ಮಕ್ಕಳು ಸತ್ತರು. ಕಾಲರಾ, ಅತಿಸಾರಗಳು ಕೇರಿಯ ಗಡಿಯನ್ನು ನೋಡಿ ನಿಲ್ಲುವ ರೋಗಗಳಲ್ಲ. ಜಾಮಖೇಡದ ಆಸ್ಪತ್ರೆಯ ಚರಿತ್ರೆಯಲ್ಲಿ ಈ ಬಾವಿಯ ಪ್ರಸಂಗಕ್ಕೆ ಯಾವ ಶಸ್ತ್ರಚಿಕಿತ್ಸೆಗಿಂತಲೂ ಹೆಚ್ಚಿನ ಬೆಲೆಯಿದೆ.

ಅಕ್ಷರ ತಿಳಿಯದ ವೈದ್ಯೆಯರು

ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕ್ಕಾಗಿ ಮೊದಲು ತರಬೇತಿ ಪಡೆದ ದಾದಿಯರನ್ನು ಕಳುಹಿಸುವ ಪ್ರಯತ್ನ ನಡೆಯಿತು. ಅದು ಫಲಿಸಲಿಲ್ಲ. ಪಟ್ಟಣದಿಂದ ಬಂದ ಯುವತಿಗೆ ಹಳ್ಳಿಯಲ್ಲಿ ಒಬ್ಬಳೇ ಇರುವುದು ಕಷ್ಟವಾಯಿತು. ಹಳ್ಳಿಯವರಿಗೂ ಅವಳು ಹೊರಗಿನವಳಾಗಿಯೇ ಉಳಿದಳು. ಆಗ ಗ್ರಾಮದ ಮುಖಂಡರ ಕಡೆಯಿಂದಲೇ ಒಂದು ಸಲಹೆ ಬಂದಿತು. ಊರಿನವಳೇ ಆದ ಹೆಂಗಸೊಬ್ಬಳಿಗೆ ಈ ವಿದ್ಯೆಯನ್ನು ಏಕೆ ಕಲಿಸಬಾರದು?

ಹೀಗೆ ಹುಟ್ಟಿಕೊಂಡವರು 'ಗ್ರಾಮ ಆರೋಗ್ಯ ಸೇವಿಕೆ'ಯರು. ಊರಿನವರೇ ಅವರನ್ನು ಆರಿಸಿದರು. ಅವರಲ್ಲಿ ಬಹುಮಂದಿ ಅಕ್ಷರ ಬಾರದವರು. ಅನೇಕರು ದಲಿತ ಸಮುದಾಯದವರು. ಕೆಲವರು ವಿಧವೆಯರು, ಗಂಡ ಬಿಟ್ಟವರು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಸಮಾಜ ಬದಿಗೆ ಸರಿಸಿದ ಹೆಂಗಸರ ಕೈಗೆ ಆ ಸಮಾಜದ ತಾಯಿಮಕ್ಕಳ ಪ್ರಾಣವನ್ನು ಒಪ್ಪಿಸಲಾಯಿತು. ಓದು ಬಾರದವರಿಗೆ ವೈದ್ಯವಿದ್ಯೆ ಕಲಿಸುವುದು ಸಾಧ್ಯವೇ, ಅದು ಅಪಾಯವಲ್ಲವೇ ಎಂಬ ಸಂಶಯ ಸಹಜವಾಗಿಯೇ ಎದ್ದಿತು. ಆದರೆ ಈ ದೇಶದಲ್ಲಿ ವಿದ್ಯೆ ಸಾವಿರಾರು ವರ್ಷ ಬಾಯಿಂದ ಕಿವಿಗೆ, ಕಿವಿಯಿಂದ ಹೃದಯಕ್ಕೆ ಇಳಿದು ಬಂದದ್ದೇ ಅಲ್ಲವೇ? ಕೇಳಿ ಕಲಿಯುವ, ಮನನ ಮಾಡಿ ಉಳಿಸಿಕೊಳ್ಳುವ ಆ ಶಕ್ತಿ ಈ ಹೆಂಗಸರಲ್ಲಿಯೂ ಧಾರಾಳವಾಗಿತ್ತು.

ಅವರು ನಿಯತವಾಗಿ ಕೇಂದ್ರಕ್ಕೆ ಬಂದು ಕಲಿತು ಹೋಗುತ್ತಿದ್ದರು. ಗರ್ಭಿಣಿಯ ಪರೀಕ್ಷೆ, ಸ್ವಚ್ಛವಾದ ಹೆರಿಗೆ, ಮಗುವಿನ ತೂಕ, ಅತಿಸಾರಕ್ಕೆ ಉಪ್ಪು-ಸಕ್ಕರೆಯ ದ್ರಾವಣ, ಕ್ಷಯ ಹಾಗೂ ಕುಷ್ಠರೋಗದ ಲಕ್ಷಣಗಳು, ಯಾವ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕೆಂಬ ವಿವೇಕ, ಇವೆಲ್ಲ ಅವರ ಪಾಠಗಳಾಗಿದ್ದವು. ಮೊದಲಲ್ಲಿ ಬೇರೆ ಬೇರೆ ಜಾತಿಯ ಹೆಂಗಸರು ಒಟ್ಟಿಗೆ ಉಣ್ಣಲು, ಒಟ್ಟಿಗೆ ಮಲಗಲು ಹಿಂಜರಿದರು. ಹಲವು ಹೊದಿಕೆಗಳನ್ನು ಸೇರಿಸಿ ಹೊಲಿದ ಒಂದೇ ದೊಡ್ಡ ಹೊದಿಕೆಯ ಕೆಳಗೆ ಎಲ್ಲರೂ ಮಲಗುವುದು ಅಲ್ಲಿನ ವಾಡಿಕೆಯಾಯಿತು. ಚಳಿಯ ರಾತ್ರಿಯಲ್ಲಿ ದೂರ ಸರಿದವರಿಗೆ ಹೊದಿಕೆಯಿಲ್ಲ! ಜಾತಿಯ ಬಗ್ಗೆ ಉಪದೇಶ ಮಾಡದೆಯೇ ಪಾಠ ನಡೆಯಿತು.

ಊರಿಗೆ ಮರಳಿದ ಸೇವಿಕೆಯ ಎದುರು ಇದ್ದದ್ದು ರೋಗವೊಂದೇ ಅಲ್ಲ. ತಲೆತಲಾಂತರದ ನಂಬಿಕೆಗಳೂ ಇದ್ದವು. ಗರ್ಭಿಣಿ ಹೆಚ್ಚು ಉಂಡರೆ ಹೆರಿಗೆ ಕಷ್ಟ, ಹೆತ್ತ ಮೊದಲ ದಿನಗಳ ಹಾಲು ಮಗುವಿಗೆ ಆಗದು, ಸೊರಗಿದ ಮಗುವಿಗೆ ಶಾಪ ತಟ್ಟಿದೆ, ಇಂತಹ ನಂಬಿಕೆಗಳನ್ನು ಹೊರಗಿನ ವೈದ್ಯರು ಹಳಿದಿದ್ದರೆ ಜನ ಬಾಗಿಲು ಮುಚ್ಚುತ್ತಿದ್ದರು. ಒಂದೇ ಬಾವಿಕಟ್ಟೆಯ ಮಾತುಕತೆಯಲ್ಲಿ ಬೆಳೆದ ನೆರೆಮನೆಯವಳು ತನ್ನ ಮಗುವಿನ ಉದಾಹರಣೆ ಕೊಟ್ಟು ಹೇಳಿದಾಗ ಅದೇ ಮಾತು ಒಳಗಿಳಿಯಿತು. ಈ ಸೇವೆಯನ್ನು ಸಂಬಳದ ನೌಕರಿಯಾಗಿ ರೂಪಿಸಲಿಲ್ಲ. ಬದಲಾಗಿ ಸ್ವಂತ ಕಾಲ ಮೇಲೆ ನಿಲ್ಲಲು ಸಣ್ಣ ಸಾಲ, ಚಿಕ್ಕ ಕಸುಬುಗಳ ನೆರವು ದೊರೆಯಿತು.

ಗಂಡಸರನ್ನು ಒಟ್ಟುಗೂಡಿಸುವ ಬಗೆಯೂ ಸ್ವಾರಸ್ಯಕರ. ಆರೋಗ್ಯದ ಸಭೆಗೆ ಬಾರದ ತರುಣರು ವಾಲಿಬಾಲ್ ಆಟಕ್ಕೆ ಬಂದರು. ಆಟದಲ್ಲಿ ಚೆಂಡಿಗೆ ಜಾತಿಯಿಲ್ಲ. ಆಟದ ನಂತರ ನೆರಳಲ್ಲಿ ಕುಳಿತಾಗ ಮಾತು ಬೆಳೆ, ನೀರು, ಮಕ್ಕಳ ಕಡೆಗೆ ತಿರುಗಿತು. ಹೀಗೆ ರೈತ ಸಂಘಗಳು ಹುಟ್ಟಿದವು. ಹಿಂದೆಯೇ ಮಹಿಳಾ ಮಂಡಲಗಳು ಬಂದವು. ಗಿಡ ನೆಡುವುದು, ಮಳೆನೀರನ್ನು ತಡೆದು ಇಂಗಿಸುವುದು, ಚರಂಡಿ ಸರಿಪಡಿಸುವುದು ಇವೆಲ್ಲವೂ ಆರೋಗ್ಯ ಕಾರ್ಯದ ಅಂಗಗಳಾದವು.

ಆಸ್ಪತ್ರೆಯ ಸ್ಥಾನ

ಇಷ್ಟೆಲ್ಲದರ ನಡುವೆ ಆಸ್ಪತ್ರೆಯ ಪಾತ್ರವೇನು ಎಂಬ ಪ್ರಶ್ನೆ ಏಳಬಹುದು. ಜಾಮಖೇಡದಲ್ಲಿ ಸುಮಾರು 40 ಹಾಸಿಗೆಗಳ ಆಸ್ಪತ್ರೆ ಬೆಳೆದು ನಿಂತಿತು. ಅದು ಆಡಂಬರವಿಲ್ಲದ ಕಟ್ಟಡ. ರೋಗಿಯ ಬಂಧುಗಳು ಜೊತೆಗೇ ಇದ್ದು, ತಾವೇ ಅಡುಗೆ ಮಾಡಿಕೊಂಡು ಶುಶ್ರೂಷೆ ನಡೆಸುವ ವ್ಯವಸ್ಥೆ ಅಲ್ಲಿತ್ತು. ಖರ್ಚು ಕಡಿಮೆಯಾಯಿತು; ಬಂಧುಗಳೂ ಆರೈಕೆಯ ಕ್ರಮವನ್ನು ಕಲಿತು ಹೋದರು. ಕಷ್ಟದ ಹೆರಿಗೆ, ತುರ್ತು ಶಸ್ತ್ರಚಿಕಿತ್ಸೆಗಳು ಅಲ್ಲಿಯೇ ನಡೆದವು. ಕಾಲು ಕಳೆದುಕೊಂಡವರಿಗಾಗಿ ಜೈಪುರ ಕಾಲನ್ನು ಹಳ್ಳಿಯ ಕುಶಲಕರ್ಮಿಗಳೇ ತಯಾರಿಸುವ ಕಾರ್ಯಾಗಾರವೂ ಆರಂಭವಾಯಿತು.

ಆಸ್ಪತ್ರೆ ಇಲ್ಲದೆ ಸೇವಿಕೆಯ ಮಾತಿಗೆ ಬಲವಿರುತ್ತಿರಲಿಲ್ಲ. ಸೇವಿಕೆ ಇಲ್ಲದೆ ಆಸ್ಪತ್ರೆಗೆ ಬೇರುಗಳಿರುತ್ತಿರಲಿಲ್ಲ. ತನ್ನ ಕೈಮೀರಿದ ರೋಗಿಯನ್ನು ಅವಳು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಅವಳನ್ನು ಸಹೋದ್ಯೋಗಿಯಂತೆ ಗೌರವದಿಂದ ಕಂಡರು. ಆ ಗೌರವವನ್ನು ಊರು ಕಂಡಿತು. ಊರು ಕಂಡದ್ದರಿಂದಲೇ ಅವಳ ಮಾತು ನಡೆಯಿತು.

ಸಂಖ್ಯೆಗಳು ಹೇಳುವ ಕಥೆ

ಯೋಜನೆಯ ದಾಖಲೆಗಳ ಪ್ರಕಾರ, ಮೊದಲಲ್ಲಿ ಸಾವಿರಕ್ಕೆ 176 ಇದ್ದ ಶಿಶುಮರಣ 1976ರ ವೇಳೆಗೆ 52ಕ್ಕೆ ಇಳಿಯಿತು; 1996ರಲ್ಲಿ 26ಕ್ಕೆ ಬಂದಿತು. ಲಸಿಕೆ ಪಡೆದ ಮಕ್ಕಳ ಪ್ರಮಾಣ ಐದೇ ವರ್ಷಗಳಲ್ಲಿ ಶೇಕಡಾ 80ನ್ನು ದಾಟಿತು. ತರಬೇತಿ ಪಡೆದವರ ಕೈಯಲ್ಲಿ ಆಗುವ ಸುರಕ್ಷಿತ ಹೆರಿಗೆಗಳು ನೂರಕ್ಕೆ ಒಂದೂ ಇಲ್ಲದ ಸ್ಥಿತಿಯಿಂದ 1996ರಲ್ಲಿ 98ಕ್ಕೆ ಏರಿದವು. ಮಕ್ಕಳ ಅಪೌಷ್ಟಿಕತೆ ಶೇಕಡಾ 40ರಿಂದ 1986ರ ವೇಳೆಗೆ 5ಕ್ಕೆ ಇಳಿಯಿತು. ಹುಟ್ಟಿದ ಮಕ್ಕಳು ಉಳಿಯುವರೆಂಬ ಭರವಸೆ ಮೂಡಿದ ಮೇಲೆ ಜನನ ಪ್ರಮಾಣವೂ ತಾನಾಗಿಯೇ ಸಾವಿರಕ್ಕೆ 40ರಿಂದ 20ಕ್ಕೆ ಬಂದಿತು. ಈ ಅಂಕಿಗಳ ಹಿಂದೆ ದೊಡ್ಡ ಯಂತ್ರಗಳಿಲ್ಲ; ಒಂದು ತಕ್ಕಡಿ, ಒಂದು ಚೀಲ ಔಷಧ ಮತ್ತು ಮನೆಮನೆಗೆ ನಡೆದ ಹೆಂಗಸಿನ ಕಾಲುಗಳಿವೆ.

ಲೋಕವೂ ಇದನ್ನು ಗಮನಿಸಿತು. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಗ್ರಂಥವೊಂದರಲ್ಲಿ ಜಾಮಖೇಡದ ಪ್ರಯೋಗಕ್ಕೆ ಸ್ಥಾನ ದೊರೆಯಿತು. 1978ರಲ್ಲಿ ಅಲ್ಮಾ ಆತಾ ನಗರದ ಜಾಗತಿಕ ಸಮ್ಮೇಳನ ಸರ್ವರಿಗೂ ಆರೋಗ್ಯವೆಂಬ ಘೋಷಣೆಯನ್ನು ಹೊರಡಿಸುವ ಮೊದಲೇ ಆ ಮಾತು ಜಾಮಖೇಡದ ಹಳ್ಳಿಗಳಲ್ಲಿ ಕೃತಿಗಿಳಿದಿತ್ತು. 1979ರಲ್ಲಿ ಆರೋಳೆ ದಂಪತಿಗಳಿಗೆ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 1990ರಲ್ಲಿ ರಜನಿಕಾಂತರಿಗೆ ಪದ್ಮಭೂಷಣ ಸಂದವು. ದೇಶವಿದೇಶಗಳ ಆರೋಗ್ಯ ಕಾರ್ಯಕರ್ತರು ತರಬೇತಿಗಾಗಿ ಜಾಮಖೇಡಕ್ಕೆ ಬಂದರು. ಅವರಿಗೆ ಪಾಠ ಹೇಳಿದವರಲ್ಲಿ ಅಕ್ಷರ ಬಾರದ ಆ ಹೆಂಗಸರೂ ಇದ್ದರು.

ಮುಕ್ತಾಬಾಯಿ ಪೋಳ್ ಎಂಬ ಗ್ರಾಮ ಆರೋಗ್ಯ ಸೇವಿಕೆ 1980ರ ದಶಕದಲ್ಲಿ ಅಮೆರಿಕೆಯ ವಾಷಿಂಗ್ಟನ್ನಿನ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಾತನಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಸಭಾಭವನದ ಮೇಲೆ ತೂಗುತ್ತಿದ್ದ ಝಗಮಗಿಸುವ ತೂಗುದೀಪಗಳನ್ನು ಆಕೆ ವೈದ್ಯರಿಗೆ ಹೋಲಿಸಿದಳು. ಅವು ಸುಂದರ, ಆದರೆ ದುಬಾರಿ, ಕೈಗೆ ಎಟುಕದವು. ತನ್ನ ಬಳಿಯಿದ್ದ ಸಣ್ಣ ದೀಪವನ್ನು ತೋರಿಸಿ, ಇದು ಅಗ್ಗದ್ದಾದರೂ ಇನ್ನೊಂದು ದೀಪವನ್ನು ಹೊತ್ತಿಸಬಲ್ಲದು, ತನ್ನಂತಹವರೂ ಹಾಗೆಯೇ ಎಂಬ ಅರ್ಥ ಬರುವಂತೆ ನುಡಿದಳು. ಪ್ರತಿ ಸಂಜೆ ದೇವರ ಮುಂದೆ ದೀಪ ಹಚ್ಚುವ ಮನೆಗಳಿಗೆ ಈ ಮಾತಿನ ಅರ್ಥ ಹೊಸದಲ್ಲ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಾಗ ಮೊದಲನೆಯದರ ಬೆಳಕು ಎಳ್ಳಷ್ಟೂ ಕುಂದುವುದಿಲ್ಲ.

ಬಾಕಿ ಉಳಿದ ಋಣ

ಮೇಬಲ್ ಅವರು 1999ರಲ್ಲಿ, ರಜನಿಕಾಂತರು 2011ರಲ್ಲಿ ಕಾಲವಶರಾದರು. ಅವರ ಮಕ್ಕಳಾದ ಡಾ. ಶೋಭಾ ಹಾಗೂ ರವಿ ಅವರು ಸಂಸ್ಥೆಯ ಹೊಣೆಯನ್ನು ಹೊತ್ತು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರನ್ನು ನೇಮಿಸಿದಾಗ, ಅದಕ್ಕೆ ಮಾದರಿಯಾಗಿ ನಿಂತ ಪ್ರಯೋಗಗಳಲ್ಲಿ ಜಾಮಖೇಡವೂ ಒಂದಾಗಿತ್ತು. ಕೋವಿಡ್ ಕಾಲದಲ್ಲಿ ಮನೆಮನೆಯ ಬಾಗಿಲು ತಟ್ಟಿದವರು ಈ ಆಶಾ ಕಾರ್ಯಕರ್ತೆಯರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. ಆದರೂ 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ನ್ಯಾಯವಾದ ಗೌರವಧನಕ್ಕಾಗಿ ಬೆಂಗಳೂರಿನಲ್ಲಿ ಹಗಲಿರುಳು ಧರಣಿ ಕೂರಬೇಕಾಯಿತು. ದೀಪವನ್ನು ಹೊಗಳುವುದು ಸುಲಭ. ಅದಕ್ಕೆ ಎಣ್ಣೆ ಹಾಕುವುದನ್ನು ಮರೆಯುವುದು ಅದಕ್ಕಿಂತ ಸುಲಭ. ಜಾಮಖೇಡದಿಂದ ಸೇವಿಕೆಯ ರೂಪವನ್ನು ಪಡೆದ ದೇಶ, ಅಲ್ಲಿ ಅವಳಿಗೆ ಸಂದ ಗೌರವವನ್ನೂ ಅಷ್ಟೇ ಶ್ರದ್ಧೆಯಿಂದ ಪಡೆದಿದೆಯೇ ಎಂಬುದು ವಿಚಾರಿಸಬೇಕಾದ ಪ್ರಶ್ನೆ.

ಈ ಸಭೆಯಲ್ಲಿ ವೈದ್ಯರಿರುವ ಮನೆಗಳು ಅನೇಕ. ವೈದ್ಯರಾಗಬೇಕೆಂದು ಹಗಲಿರುಳು ಓದುತ್ತಿರುವ ಮಕ್ಕಳಿರುವ ಮನೆಗಳೂ ಅನೇಕ. ಎಲ್ಲರೂ ನಗರವನ್ನು ತೊರೆದು ಬರದ ನಾಡಿಗೆ ಹೋಗಲಿ ಎಂದು ಹೇಳುವುದು ವ್ಯಾವಹಾರಿಕವಲ್ಲ. ಆದರೆ ಪ್ರತಿದಿನ ಮನೆಗೆ ಬಂದು ಪಾತ್ರೆ ತೊಳೆದು ಹೋಗುವ ಹೆಂಗಸಿಗೆ ರಕ್ತಹೀನತೆ ಇದೆಯೇ, ಅವಳ ಮಗುವಿಗೆ ಲಸಿಕೆ ಆಗಿದೆಯೇ, ಅವಳಿರುವ ಬಡಾವಣೆಯಲ್ಲಿ ಕುಡಿಯುವ ನೀರು ಎಂತಹದು ಎಂದು ಕೇಳಲು ಜಾಮಖೇಡಕ್ಕೆ ಹೋಗಬೇಕಾಗಿಲ್ಲ. ಕೇಳಿದ ಮೇಲೆ ಔಷಧಕ್ಕೆ ಹಣ ಕೊಟ್ಟು ಮುಗಿಸದೆ, ತಿಳಿದದ್ದನ್ನು ಅವಳಿಗೆ ಅರ್ಥವಾಗುವಂತೆ ಹೇಳಿದರೆ, ಅವಳು ತನ್ನ ಕೇರಿಯಲ್ಲಿ ನಾಲ್ಕು ಜನರಿಗೆ ಹೇಳುವಳು.

ರೋಗಿಗಳ ಸಂಖ್ಯೆ ಹೆಚ್ಚಿದಷ್ಟೂ ಆಸ್ಪತ್ರೆ ಬೆಳೆಯಿತೆಂದು ಲೋಕ ಲೆಕ್ಕ ಹಾಕುತ್ತದೆ. ಜಾಮಖೇಡದ ಲೆಕ್ಕ ಬೇರೆ. ಅತಿಸಾರದಿಂದ ಒಣಗಿದ ಶಿಶುಗಳು ಆಸ್ಪತ್ರೆಗೆ ಬರುವುದು ಕಡಿಮೆಯಾದಷ್ಟೂ ಅದು ತನ್ನ ಕೆಲಸ ಸಫಲವಾಯಿತೆಂದು ತಿಳಿಯಿತು. ಹಾಸಿಗೆ ಬರಿದಾಗಿ ತೊಟ್ಟಿಲು ತುಂಬಿದಾಗ ಸಂತೋಷಪಟ್ಟ ಆಸ್ಪತ್ರೆಯದು. ಆ ತೊಟ್ಟಿಲುಗಳಲ್ಲಿ ಉಳಿದ ಮಕ್ಕಳು ಇಂದು ಬೆಳೆದು ತಂದೆತಾಯಿಯರಾಗಿದ್ದಾರೆ.

ಸರ್ವರಿಗೂ ಆಯುರಾರೋಗ್ಯ ಲಭಿಸಲಿ ಎಂದು ಪ್ರಾರ್ಥಿಸುವಾಗ ಆ 'ಸರ್ವ' ಎಂಬ ಪದದೊಳಗೆ ಕೆಳಗಿನ ಕೇರಿಯ ಕೈಪಂಪಿನ ಬಳಿ ಕೊಡ ಹಿಡಿದು ನಿಂತವಳೂ ಇರಲಿ ಎಂಬ ಆಶಯದೊಂದಿಗೆ ಈ ಉಪನ್ಯಾಸ ಮುಕ್ತಾಯವಾಗುತ್ತದೆ.